ಅಮ್ಮ ಕುಡಿದಿದ್ದಳಾ ಅಂತ ಆಮೇಲೆ ಕೇಳಿ, ಮೊದಲು ಮಗುವಿನ ಕಣ್ಣು ತೋರಿಸಿ

ಇದನ್ನು ಬರೆಯುವ ಮೊದಲು ತಂಗಿಯನ್ನು ಕೇಳಿದೆ. "ಬರಿ ಅಕ್ಕ, ಹೆಸರು ಮಾತ್ರ ಹಾಕಬೇಡ" ಅಂದಳು. ಹಾಗಾಗಿ ಇಲ್ಲಿ ಅವಳು ಬರೀ ತಂಗಿ, ಅವಳ ಮಗ ಬರೀ ಪುಟ್ಟ. ಪುಟ್ಟ ಈಗ ಎರಡನೇ ಕ್ಲಾಸು, ಕೋಲಾರದಲ್ಲಿ ನಮ್ಮ ಮನೆಯಲ್ಲೇ ಇದ್ದಾನೆ. ತಂಗಿ, ಅವಳ ಗಂಡ ಮಾಲೂರಿನ ಹತ್ತಿರ ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಹುಟ್ಟಿದವನು. ಬೆಳಗಿನಿಂದ ಇಟ್ಟಿಗೆ ಹೊತ್ತು ಸಂಜೆಗೆ ಸೊಂಟ ಬಿದ್ದುಹೋಗಿರುತ್ತಿತ್ತು, ಗಂಡ ತರುತ್ತಿದ್ದ ಮದ್ಯದ ಟೆಟ್ರಾ ಪ್ಯಾಕ್‌ನಲ್ಲಿ ಅವಳಿಗೂ ಒಂದು ಪಾಲು. ಪುಟ್ಟ ಹೊಟ್ಟೆಯಲ್ಲಿದ್ದಾಗಲೂ ಅದು ನಿಲ್ಲಲಿಲ್ಲ. ಬೇಡ ಅಂತ ಹೇಳಿದವರೂ ಇಲ್ಲ. ತಾಯಿ ಕಾರ್ಡ್‌ನಲ್ಲಿ ತೂಕ ಬರೆದರು, ಬಿಪಿ ಬರೆದರು, ರಕ್ತ ಎಷ್ಟಿದೆ ಬರೆದರು. ಕುಡಿಯುತ್ತೀಯಾ ಅಂತ ಯಾರೂ ಕೇಳಲಿಲ್ಲ. ಹೆಂಗಸನ್ನು ಹಾಗೆ ಕೇಳುವುದೇ ಅವಮಾನ ಅಂತ ನಮ್ಮ ಕಡೆ.

ಅವಳನ್ನು ದೂರುವವರು ಬೇಕಾದಷ್ಟು ಜನ ಇದ್ದಾರೆ, ಅದಕ್ಕೆ ನಾನು ಬೇಕಿಲ್ಲ. ನನಗೆ ಹೇಳಬೇಕಾದ್ದು ಬೇರೆ. ಹೊಟ್ಟೆಯಲ್ಲಿದ್ದಾಗ ಕುಡಿತದ ಪೆಟ್ಟು ತಿಂದ ಮಗುವಿನ ಮೆದುಳಿಗೆ ಆಗಿರುವುದನ್ನು ತಿದ್ದಲು ಈಗ ಯಾವ ಔಷಧಿಯೂ ಇಲ್ಲ. ಆದರೆ ಅದೇ ಮಗುವಿನ ಕಣ್ಣಿನ ತೊಂದರೆಗಳಲ್ಲಿ ಸುಮಾರನ್ನು ತಿದ್ದಬಹುದು, ಬೇಗ ಹೋದರೆ. ಯಾರ ತಪ್ಪು ಅನ್ನುವ ಪಂಚಾಯ್ತಿ ಮುಗಿಯುವ ತನಕ ಕಾಯಬೇಕಾಗಿಲ್ಲ. ಊರಲ್ಲಿ ಆಗುವುದು ಉಲ್ಟಾ. ಪಂಚಾಯ್ತಿ ವರ್ಷಗಟ್ಟಲೆ ನಡೆಯುತ್ತದೆ, ಮಗುವಿನ ಕಣ್ಣನ್ನು ಮಾತ್ರ ಯಾರೂ ಸರಿಯಾಗಿ ನೋಡಿರುವುದಿಲ್ಲ.

ಡಾಕ್ಟರ್‌ಗಳು ಇದಕ್ಕೆ ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್ ಅನ್ನುತ್ತಾರೆ, ಚಿಕ್ಕದಾಗಿ ಎಫ್‌ಎಎಸ್‌ಡಿ. 1968ರಲ್ಲಿ ಫ್ರಾನ್ಸಿನ ಪಾಲ್ ಲೆಮೊಯಿನ್ ಅನ್ನುವ ಡಾಕ್ಟರ್ ಇಂಥ ಮಕ್ಕಳ ಬಗ್ಗೆ ಬರೆದರು, ಜಾಸ್ತಿ ಜನ ಗಮನಿಸಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಇದಕ್ಕೊಂದು ಹೆಸರು ಕೊಟ್ಟ ಮೇಲೆ ಪ್ರಪಂಚಕ್ಕೆ ಗೊತ್ತಾಯಿತು. ತಾಯಿ ಕುಡಿದದ್ದು ರಕ್ತದಿಂದ ಮಾಸಿನ ಮೂಲಕ ನೇರವಾಗಿ ಮಗುವಿಗೆ ಹೋಗುತ್ತದೆ. ಅದನ್ನು ಕರಗಿಸುವಷ್ಟು ಮಗುವಿನ ಲಿವರ್ ಬಲಿತಿರುವುದಿಲ್ಲ. ಕಣ್ಣಿಗೆ ಯಾಕೆ ಅಷ್ಟು ಪೆಟ್ಟು ಅಂದರೆ, ಕಣ್ಣಿನ ಹಿಂದಿನ ಪರದೆ, ಅಲ್ಲಿಂದ ಹೊರಡುವ ನರ, ಎರಡೂ ಮೆದುಳಿನಿಂದಲೇ ಹೊರಗೆ ಬೆಳೆದು ಬಂದ ಭಾಗಗಳು. ಮೆದುಳಿಗೆ ಬಿದ್ದ ಏಟು ಅಲ್ಲಿಗೂ ಬೀಳುತ್ತದೆ. ಗರ್ಭ ನಿಂತ ಮೂರು ನಾಲ್ಕು ವಾರಕ್ಕೇ ಕಣ್ಣು ಮೂಡಲು ಶುರುವಾಗಿರುತ್ತದೆ. ಮುಟ್ಟು ತಪ್ಪಿದೆ ಅಂತ ಎಷ್ಟೋ ಹೆಂಗಸರು ಆಗಿನ್ನೂ ಲೆಕ್ಕ ಹಾಕಿರುವುದಿಲ್ಲ.

ಇಂಥ ಮಕ್ಕಳಲ್ಲಿ ಕೆಲವರ ಮುಖದಲ್ಲೇ ಗುರುತು ಇರುತ್ತದೆ. ಕಣ್ಣಿನ ಸೀಳು ಗಿಡ್ಡ. ಮೂಗಿನ ಕೆಳಗಿಂದ ಮೇಲ್ತುಟಿಗೆ ಇಳಿಯುವ ಸಣ್ಣ ಕಾಲುವೆ ಇರುತ್ತದಲ್ವಾ, ಅದು ಸಪಾಟು. ಮೇಲ್ತುಟಿ ತೆಳು. ಹಾಗಂತ ಅಂಗನವಾಡಿಯಲ್ಲಿ ಕೂತು ಯಾವ ಮಗುವಿನ ತುಟಿ ತೆಳು ಅಂತ ಹುಡುಕಬೇಡಿ ದಯವಿಟ್ಟು. ಚಿಕ್ಕ ಕಣ್ಣು ಅಜ್ಜಿಯಿಂದಲೂ ಬಂದಿರಬಹುದು. ಮೆಳ್ಳೆಗಣ್ಣು ಇರುವ ಮಕ್ಕಳಲ್ಲಿ ಹೆಚ್ಚಿನವರಿಗೂ ಕುಡಿತಕ್ಕೂ ಯಾವ ಸಂಬಂಧವೂ ಇಲ್ಲ. ಎಫ್‌ಎಎಸ್‌ಡಿ ಇರುವ ಎಷ್ಟೋ ಮಕ್ಕಳ ಮುಖದಲ್ಲಿ ಏನೂ ಕಾಣಿಸುವುದಿಲ್ಲ. ಮುಖ ನೋಡಿ ತೀರ್ಪು ಕೊಡುವ ಕೆಲಸ ಡಾಕ್ಟರ್‌ಗೇ ಕಷ್ಟ, ನಮಗೆ ಬೇಡವೇ ಬೇಡ.

ಕಣ್ಣಿನಲ್ಲಿ ಏನೇನಾಗುತ್ತದೆ ಅಂದರೆ, ಮೇಲೆ ಕಾಣುವುದೇ ಒಂದು, ಒಳಗಿರುವುದೇ ಒಂದು. ಮೇಲೆ ಕಾಣುವುದು ಮೆಳ್ಳೆಗಣ್ಣು, ಜೋತುಬಿದ್ದ ರೆಪ್ಪೆ, ತೀರಾ ಚಿಕ್ಕ ಕಣ್ಣು. ಕನ್ನಡಕದ ನಂಬರ್ ಅಂತೂ ಬಹಳ ಮಕ್ಕಳಿಗೆ ಇರುತ್ತದೆ, ಕೆಲವರಿಗೆ ಮೈನಸ್, ಕೆಲವರಿಗೆ ಪ್ಲಸ್, ಜೊತೆಗೆ ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ್ದಕ್ಕೆ ಕೊಡುವ ಸಿಲಿಂಡರ್ ಪವರ್. ಅಪರೂಪಕ್ಕೆ ಹುಟ್ಟಿನಿಂದಲೇ ಪೊರೆ. ಒಳಗಿನದ್ದು ಪಾಪೆ ದೊಡ್ಡದು ಮಾಡಿ ನೋಡಿದರೆ ಮಾತ್ರ ಗೊತ್ತಾಗುವಂಥದ್ದು. ಕಣ್ಣಿನ ನರ ಇರಬೇಕಾದ್ದಕ್ಕಿಂತ ಸಣ್ಣದಾಗಿರುತ್ತದೆ, ಪರದೆಯ ಮೇಲಿನ ರಕ್ತನಾಳಗಳು ಸೊಟ್ಟ ಸೊಟ್ಟ ಹರಿದಿರುತ್ತವೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಕರ್ಸ್ಟಿನ್ ಸ್ಟ್ರೋಮ್‌ಲ್ಯಾಂಡ್ ಅನ್ನುವ ಕಣ್ಣಿನ ಡಾಕ್ಟರ್ ವರ್ಷಾನುಗಟ್ಟಲೆ ಇಂಥ ಮಕ್ಕಳ ಕಣ್ಣು ನೋಡಿ ಇದನ್ನೆಲ್ಲ ಬರೆದಿಟ್ಟರು. ನರ ಸಣ್ಣದಾಗಿದ್ದರೆ ಕನ್ನಡಕದಿಂದ ಅದು ದೊಡ್ಡದಾಗುವುದಿಲ್ಲ. ಆದರೆ ನಂಬರ್, ಮೆಳ್ಳೆಗಣ್ಣು, ಜೋತುಬಿದ್ದ ರೆಪ್ಪೆ, ಪೊರೆ, ಇವಕ್ಕೆಲ್ಲ ಚಿಕಿತ್ಸೆ ಇದೆ. ಒಂದೇ ಕಣ್ಣಿನಲ್ಲಿ ಎರಡೂ ತರದ ತೊಂದರೆ ಇರಬಹುದು, ಇದನ್ನು ನೆನಪಿಟ್ಟುಕೊಳ್ಳಿ. ನರ ಸಣ್ಣದು ಅಂತ ಗೊತ್ತಾದ ತಕ್ಷಣ ಇನ್ನೇನೂ ಮಾಡೋಕಾಗಲ್ಲ ಅಂತ ಮನೆಯವರು ಕೈಬಿಡುತ್ತಾರೆ, ಅದೇ ಕಣ್ಣಿಗೆ ಕನ್ನಡಕದಿಂದ ಬರಬಹುದಾದ ದೃಷ್ಟಿಯೂ ಹೋಗುತ್ತದೆ.

ಪುಟ್ಟನ ಬಲಗಣ್ಣು ಮೂಗಿನ ಕಡೆ ತಿರುಗುತ್ತಿತ್ತು. ನಮ್ಮ ಅತ್ತೆ "ಮೆಳ್ಳೆಗಣ್ಣು ಅದೃಷ್ಟ ಕಣೇ" ಅಂದರು. ಇನ್ನೊಬ್ಬರು ಹರಳೆಣ್ಣೆ ಬಿಡು ಅಂದರು, ಮತ್ತೊಬ್ಬರು ಎದೆಹಾಲು ಬಿಟ್ಟರೆ ಸರಿಹೋಗುತ್ತೆ ಅಂದರು. ಎರಡನ್ನೂ ಕಣ್ಣಿಗೆ ಹಾಕಬಾರದು, ಕಾಡಿಗೆಯೂ ಬೇಡ. ತೋರಿಸಿದ ಮೊದಲ ಕ್ಲಿನಿಕ್ಕಿನಲ್ಲಿ "ಇನ್ನೂ ಮಗು, ಐದು ವರ್ಷ ಆಗಲಿ, ಬೆಳೀತಾ ಬೆಳೀತಾ ಸರಿಹೋಗುತ್ತೆ" ಅಂತ ಕಳಿಸಿದರು. ಆ ಮಾತು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಆರು ತಿಂಗಳು ದಾಟಿದ ಮಗುವಿನ ಕಣ್ಣು ತಿರುಗುತ್ತಲೇ ಇದ್ದರೆ ತೋರಿಸಲೇಬೇಕು. ಎರಡು ಕಣ್ಣೂ ಒಂದೇ ಕಡೆ ನೋಡದಿದ್ದರೆ ಮೆದುಳಿಗೆ ಎರಡು ಚಿತ್ರ ಬರುತ್ತದೆ. ಅದು ಗೊಂದಲ ಬೇಡ ಅಂತ ತಿರುಗಿದ ಕಣ್ಣಿನ ಚಿತ್ರವನ್ನು ತೆಗೆದುಕೊಳ್ಳುವುದನ್ನೇ ಬಿಟ್ಟುಬಿಡುತ್ತದೆ. ಕಣ್ಣು ಇದ್ದರೂ ನೋಟ ಬೆಳೆಯುವುದಿಲ್ಲ. ಲೇಜಿ ಐ ಅನ್ನುವುದು ಇದಕ್ಕೇ. ಏಳೆಂಟು ವರ್ಷದ ಒಳಗೆ ಚಿಕಿತ್ಸೆ ಆದರೆ ಚೆನ್ನಾಗಿ ಕೆಲಸ ಮಾಡುತ್ತದೆ, ಅಲ್ಲಿಂದ ಮುಂದೆ ಕಷ್ಟ ಜಾಸ್ತಿ.

ಅಕ್ಷರ ಬಾರದ ಮಗುವಿನ ಕಣ್ಣು ಹೇಗೆ ಟೆಸ್ಟ್ ಮಾಡುತ್ತಾರೆ ಅಂತ ಬಹಳ ಜನರಿಗೆ ಅನುಮಾನ. ಮಗು ಏನೂ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಮಕ್ಕಳ ಕಣ್ಣು ನೋಡುವ ಡಾಕ್ಟರ್ ಮೊದಲು ಮನೆ, ಸೇಬು ಇಂಥ ಚಿತ್ರಗಳ ಕಾರ್ಡ್ ಹಿಡಿದರು. ಪುಟ್ಟ ಒಂದನ್ನು ನೋಡಿ ಎದ್ದು ಕಿಟಕಿ ಹತ್ತಿರ ಹೋದ. ಅವರು ಗದರಲಿಲ್ಲ, ಕಿಟಕಿ ಹತ್ತಿರವೇ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದರು. ಎಡಗಣ್ಣು ಮುಚ್ಚಿದಾಗ ಅವನು ಕೈ ತಳ್ಳಿ ಅತ್ತ. ಬಲಗಣ್ಣು ಮುಚ್ಚಿದಾಗ ಸುಮ್ನೆ ಇದ್ದ. ಅಷ್ಟರಲ್ಲೇ ಅವರಿಗೆ ಅರ್ಧ ವಿಷಯ ಗೊತ್ತಾಯಿತು. ನೋಡುವ ಕಣ್ಣು ಮುಚ್ಚಿದರೆ ಮಗುವಿಗೆ ಸಿಟ್ಟು ಬರುತ್ತದೆ, ನೋಡದ ಕಣ್ಣು ಮುಚ್ಚಿದರೆ ಅದಕ್ಕೇನೂ ನಷ್ಟವಿಲ್ಲ. ಇದನ್ನು ಮನೆಯಲ್ಲೂ ಆಟದ ತರ ಮಾಡಿ ನೋಡಬಹುದು.

ಸರಿಯಾದ ನಂಬರ್ ತೆಗೆಯಲು ಅಟ್ರೋಪಿನ್ ಮುಲಾಮು ಕೊಟ್ಟರು. ಸಾಮಾನ್ಯವಾಗಿ ಮೂರು ದಿನ ಮನೆಯಲ್ಲಿ ಹಚ್ಚಿ ಆಮೇಲೆ ಬರಲು ಹೇಳುತ್ತಾರೆ. ಯಾಕೆಂದರೆ ಮಕ್ಕಳ ಕಣ್ಣು ಪ್ಲಸ್ ನಂಬರನ್ನು ಒಳಗೊಳಗೇ ಬಿಗಿ ಹಿಡಿದು ಮುಚ್ಚಿಡುತ್ತದೆ, ಮುಲಾಮು ಆ ಬಿಗಿ ಸಡಿಲ ಮಾಡುತ್ತದೆ. ಕೆಳರೆಪ್ಪೆ ಎಳೆದು ಅಕ್ಕಿ ಕಾಳಿನಷ್ಟು ಹಚ್ಚಿದರೆ ಸಾಕು. ಹಚ್ಚಿದ ಮೇಲೆ ಕಣ್ಣಿನ ಒಳಮೂಲೆಯನ್ನು ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ, ಮಗುವಿನ ಕೈ ಒರೆಸಿ, ನಿಮ್ಮ ಕೈಯನ್ನೂ ತೊಳೆಯಿರಿ. ಮುಖ ಕೆಂಪಾಗಿ ಜ್ವರ ಬಂದರೆ, ಬಾಯಿ ಒಣಗಿ ಮಗು ವಿಚಿತ್ರವಾಗಿ ಒದ್ದಾಡಿದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಪಾಪೆ ಒಂದೆರಡು ವಾರ ದೊಡ್ಡದಾಗಿಯೇ ಇರುತ್ತದೆ, ಬಿಸಿಲು ತಡೆಯುವುದಿಲ್ಲ, ಹತ್ತಿರದ್ದು ಮಸುಕು. ಆಗ ಪುಸ್ತಕ ಹಿಡಿದು ಕೂರಿಸಬೇಡಿ, ಟೋಪಿ ಹಾಕಿ ಹೊರಗೆ ಕಳಿಸಿ. ಇಷ್ಟಾದ ಮೇಲೆ ಡಾಕ್ಟರ್ ಕತ್ತಲೆ ರೂಮಿನಲ್ಲಿ ಕಣ್ಣಿಗೆ ಬೆಳಕು ಬಿಟ್ಟು, ಮುಂದೆ ಗಾಜು ಬದಲಿಸುತ್ತಾ ನಂಬರ್ ತೆಗೆಯುತ್ತಾರೆ. ಮಗು ಬಾಯಿ ಬಿಡದಿದ್ದರೂ ನಡೆಯುತ್ತದೆ.

ಆವತ್ತು ಇನ್ನೊಂದು ವಿಷಯ ಆಯಿತು. ಆ ಡಾಕ್ಟರಮ್ಮ ಪುಟ್ಟನ ಲಸಿಕೆ, ಹುಟ್ಟಿದಾಗಿನ ತೂಕ, ತಿಂಗಳು ತುಂಬಿತ್ತಾ ಅಂತೆಲ್ಲ ಕೇಳಿ, ಅದೇ ಧಾಟಿಯಲ್ಲಿ, ತಲೆ ಕೂಡ ಎತ್ತದೆ, "ಹೊಟ್ಟೆಯಲ್ಲಿದ್ದಾಗ ಯಾವುದಾದರೂ ಮಾತ್ರೆ, ಕುಡಿತ, ಹೊಗೆಸೊಪ್ಪು ಇತ್ತಾಮ್ಮ?" ಅಂದರು. ತಂಗಿ ನನ್ನ ಮುಖ ನೋಡಿದಳು. ಅವರು ಪೆನ್ನು ಕೆಳಗಿಟ್ಟು, ಹಿಂದೆ ನಿಂತಿದ್ದ ಜನರನ್ನೆಲ್ಲ ಆಚೆ ಕಳಿಸಿ, ನನ್ನ ಕಡೆ ತಿರುಗಿ "ನೀವೂ ಸ್ವಲ್ಪ ಹೊರಗೆ ಇರ್ತೀರಾ" ಅಂದರು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ, ತಂಗಿ ಹೇಳಿಲ್ಲ, ನಾನು ಕೇಳಿಲ್ಲ. ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು, ಆದರೆ ನಡಿಗೆ ಹಗುರವಾಗಿತ್ತು. ಡಾಕ್ಟರ್‌ಗೆ ಹೇಳುವುದರಿಂದ ಲಾಭ ಇದೆ. ಕುಡಿತದ ವಿಷಯ ಗೊತ್ತಿದ್ದರೆ ಅವರು ನರವನ್ನು ಇನ್ನಷ್ಟು ಗಮನ ಕೊಟ್ಟು ನೋಡುತ್ತಾರೆ, ಕಿವಿ ಟೆಸ್ಟ್ ಮಾಡಿಸಿ, ಹೃದಯ ತೋರಿಸಿ ಅನ್ನುತ್ತಾರೆ. ನರ ಸಣ್ಣದಿದ್ದರೆ ಬೆಳವಣಿಗೆಯ ಹಾರ್ಮೋನ್ ಬಗ್ಗೆಯೂ ವಿಚಾರಿಸುತ್ತಾರೆ. ಹೇಳಬೇಕಾದ ಜಾಗ ಆ ರೂಮು. ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ, ಸ್ಕೂಲಿನ ಗೇಟಿನಲ್ಲಿ ಯಾರಿಗೂ ಉತ್ತರ ಕೊಡಬೇಕಾದ ಸಾಲ ನಿಮಗಿಲ್ಲ. ತಾಯಿಗೆ ಹೇಳಲು ಧೈರ್ಯ ಬರದಿದ್ದರೂ ಪರವಾಗಿಲ್ಲ, ಆ ಕಾರಣಕ್ಕೆ ಆಸ್ಪತ್ರೆ ತಪ್ಪಿಸಬೇಡಿ. ಕನ್ನಡಕದ ನಂಬರ್ ತೆಗೆಯಲು ಯಾರ ತಪ್ಪೊಪ್ಪಿಗೆಯೂ ಬೇಕಿಲ್ಲ.

ಪುಟ್ಟನದ್ದು ಹೀಗೆ ಬಂತು: ಎರಡೂ ಕಣ್ಣಿಗೆ ಪ್ಲಸ್ ನಂಬರ್, ಬಲಕ್ಕೆ ಜಾಸ್ತಿ. ಬಲಗಣ್ಣು ಲೇಜಿ. ಬಲಗಣ್ಣಿನ ನರವೂ ಸ್ವಲ್ಪ ಸಣ್ಣದು. "ಪೂರ್ತಿ ನೋಟ ಬರುತ್ತೆ ಅಂತ ಮಾತು ಕೊಡಲ್ಲ, ಎಷ್ಟು ಬರುತ್ತೋ ಅಷ್ಟು ತರೋಣ" ಅಂದರು. ಪ್ಲಸ್ ನಂಬರ್ ಇದ್ದು ಕಣ್ಣು ಒಳಗೆ ತಿರುಗುವ ಮಕ್ಕಳಲ್ಲಿ ಕೆಲವರಿಗೆ ಬರೀ ಕನ್ನಡಕದಿಂದಲೇ ಕಣ್ಣು ನೆಟ್ಟಗಾಗುತ್ತದೆ. ನಮ್ಮವನಿಗೆ ಸುಮಾರು ನೆಟ್ಟಗಾಯಿತು, ಪೂರ್ತಿ ಅಲ್ಲ.

ಆದರೆ ಕನ್ನಡಕ ನಿಲ್ಲಬೇಕಲ್ಲ! ಇದರ ಬಗ್ಗೆ ಯಾರೂ ಹೇಳುವುದೇ ಇಲ್ಲ. ಇಂಥ ಮಕ್ಕಳ ಮೂಗಿನ ಮೇಲ್ಭಾಗ ಬಹಳ ಸಲ ಚಪ್ಪಟೆ ಇರುತ್ತದೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಫ್ರೇಮ್‌ಗೆ ಕೂರಲು ಜಾಗವೇ ಇಲ್ಲ. ಪುಟ್ಟನ ಮೊದಲ ಫ್ರೇಮ್ ಮೂಗಿನ ತುದಿಗೆ ಬಂದು ನಿಲ್ಲುತ್ತಿತ್ತು, ಅವನು ಗಾಜಿನ ಮೇಲಿನಿಂದ ನೋಡುತ್ತಿದ್ದ. ನಂಬರ್ ಇದ್ದರೇನು, ಗಾಜಿನ ಒಳಗಿಂದ ನೋಡದಿದ್ದರೆ! ಅಂಗಡಿಯವರು "ಮಗು ಅಡ್ಜಸ್ಟ್ ಆಗುತ್ತೆ" ಅಂದರು. ಮಗು ಅಡ್ಜಸ್ಟ್ ಆಗಲಿಲ್ಲ, ಕಿತ್ತು ನೀರಿನ ತೊಟ್ಟಿಗೆ ಹಾಕಿತು. ಆಮೇಲೆ ಇನ್ನೊಂದು ಅಂಗಡಿಯಲ್ಲಿ ಒಬ್ಬ ಹುಡುಗ ಸರಿಯಾಗಿ ನೋಡಿದ. ಮುಖ ಅಳೆದ, ಕಣ್ಣುಗಳ ನಡುವಿನ ಅಂತರ ಅಳೆದ, ಪೂರಾ ಪ್ಲಾಸ್ಟಿಕ್ಕಿನ ಬಗ್ಗುವ ಫ್ರೇಮ್ ತೆಗೆದ. ಮೂಗಿನ ಹತ್ತಿರ ಮೆತ್ತನೆಯ ಸಿಲಿಕಾನ್ ಪ್ಯಾಡ್ ಅಂಟಿಸಿದ, ಹಿಂದೆ ತಲೆ ಸುತ್ತ ಎಲಾಸ್ಟಿಕ್ ಕಟ್ಟಿದ. ಗಾಜು ಪಾಲಿಕಾರ್ಬನೇಟ್, ಬಿದ್ದರೂ ಚೂರಾಗುವುದಿಲ್ಲ. ಪುಟ್ಟ ತಲೆ ಆಡಿಸಿದ, ಬಗ್ಗಿದ, ಎಗರಿದ, ಕನ್ನಡಕ ಅಲ್ಲೇ ಇತ್ತು. ಅಂಗಡಿಯ ಗೋಡೆ ಗಡಿಯಾರ ನೋಡುತ್ತಾ "ದೊಡ್ಡಮ್ಮ, ಅದು ಓಡ್ತಿದೆ" ಅಂದ. ಸೆಕೆಂಡ್ ಮುಳ್ಳು ಅವನಿಗೆ ಅಲ್ಲಿಯವರೆಗೆ ಕಂಡೇ ಇರಲಿಲ್ಲ.

ಹಾಗಾಗಿ ಅಂಗಡಿಯಲ್ಲಿ ನಾಚಿಕೆ ಪಡಬೇಡಿ. ಮಗುವಿನ ಕಣ್ಣು ಗಾಜಿನ ನಡುವೆ ಬರುತ್ತಾ, ರೆಪ್ಪೆ ಕೂದಲು ಗಾಜಿಗೆ ತಾಗುತ್ತಾ, ಕಿವಿಯ ಹಿಂದೆ ಕೆಂಪಗೆ ಒತ್ತುತ್ತಾ, ಎಲ್ಲ ನೋಡಿ. ಎಫ್‌ಎಎಸ್‌ಡಿ ಮಕ್ಕಳಲ್ಲಿ ಕೆಲವರಿಗೆ ಬಟ್ಟೆಯ ಲೇಬಲ್ ಚುಚ್ಚಿದರೂ ತಡೆಯುವುದಿಲ್ಲ, ಕಿವಿ ಹಿಂದೆ ಒತ್ತುವ ಕಡ್ಡಿಯನ್ನು ಸಹಿಸುತ್ತಾರಾ? ಹಟ ಅಂತ ನಾವು ಅಂದುಕೊಳ್ಳುವುದು ಎಷ್ಟೋ ಸಲ ನೋವು.

ಪ್ಯಾಚ್ ಕಥೆ ಇನ್ನೂ ದೊಡ್ಡದು. ಚೆನ್ನಾಗಿ ನೋಡುವ ಕಣ್ಣನ್ನು ದಿನಕ್ಕೆ ಇಷ್ಟು ಹೊತ್ತು ಅಂತ ಮುಚ್ಚಿ, ಲೇಜಿ ಕಣ್ಣಿಗೆ ಕೆಲಸ ಕೊಡುವುದು. ಮೊದಲೆಲ್ಲ ದಿನವಿಡೀ ಮುಚ್ಚಿಸುತ್ತಿದ್ದರು. ಅಮೆರಿಕದಲ್ಲಿ ಏಳು ವರ್ಷದೊಳಗಿನ ಮಕ್ಕಳ ಮೇಲೆ ಮಾಡಿದ ಅಧ್ಯಯನವೊಂದು 2003ರಲ್ಲಿ ಬಂತು. ಮಧ್ಯಮ ಮಟ್ಟದ ಲೇಜಿ ಐ ಇದ್ದರೆ ದಿನಕ್ಕೆ 2 ಗಂಟೆ ಮುಚ್ಚಿದರೂ 6 ಗಂಟೆ ಮುಚ್ಚಿದಷ್ಟೇ ಸುಧಾರಣೆ ಅಂತ ಅದರಲ್ಲಿ ಗೊತ್ತಾಯಿತು. ನಮಗೂ ಎರಡು ಗಂಟೆಯೇ ಹೇಳಿದರು. ನಿಮ್ಮ ಮಗುವಿಗೆ ಎಷ್ಟು ಅನ್ನುವುದನ್ನು ಡಾಕ್ಟರೇ ಹೇಳಬೇಕು, ಬೇಗ ಸರಿಹೋಗಲಿ ಅಂತ ನೀವೇ ಜಾಸ್ತಿ ಮಾಡಿದರೆ ಚೆನ್ನಾಗಿರುವ ಕಣ್ಣು ಹಿಂದೆ ಬೀಳಬಹುದು. ಪ್ಯಾಚ್ ಆಗದೇ ಹೋದರೆ ಒಳ್ಳೆ ಕಣ್ಣಿಗೆ ಅಟ್ರೋಪಿನ್ ಹಾಕಿ ಮಸುಕು ಮಾಡುವ ದಾರಿಯೂ ಇದೆ, ಕೇಳಿ ನೋಡಿ.

ಎರಡು ಗಂಟೆ ಅಂದರೆ ಸುಲಭ ಅನ್ನಿಸುತ್ತದೆ ಅಲ್ವಾ? ಒಳ್ಳೆ ಕಣ್ಣು ಮುಚ್ಚಿದ ಮೇಲೆ ಅವನಿಗೆ ಉಳಿಯುವುದು ಮಸುಕು ಪ್ರಪಂಚ. ಅಳು, ಒದೆತ, ಕಿತ್ತು ಬೆಕ್ಕಿನ ಬೆನ್ನಿಗೆ ಅಂಟಿಸುವುದು, ಎಲ್ಲ ಆಯಿತು. ಸಾಮಾನ್ಯ ಮಗುವಿಗೆ "ನಿನ್ನೆ ಹೇಳಿದ್ದೆನಲ್ಲ" ಅಂದರೆ ನಡೆಯುತ್ತದೆ. ಪುಟ್ಟನಿಗೆ ನಿನ್ನೆ ಕಲಿತದ್ದು ಇವತ್ತು ಇರುತ್ತೆ ಅಂತ ಭರವಸೆ ಇಲ್ಲ. "ಸ್ವಲ್ಪ ಹೊತ್ತು" ಅಂದರೆ ಅವನಿಗೆ ಎಷ್ಟು ಹೊತ್ತು ಅಂತಲೂ ಗೊತ್ತಾಗುವುದಿಲ್ಲ. ಆಮೇಲೆ ಬೈಯುತ್ತೇನೆ ಅನ್ನುವ ಬೆದರಿಕೆ ಸುಮ್ನೆ ದಂಡ. ಕೆಲಸಕ್ಕೆ ಬಂದದ್ದು ಒಂದೇ ಹೊತ್ತು, ಒಂದೇ ಜಾಗ, ಒಂದೇ ಕೆಲಸ. ಸ್ಕೂಲಿನಿಂದ ಬಂದು ಬೋಂಡವೋ ಬಿಸ್ಕತ್ತೋ ತಿಂದ ತಕ್ಷಣ ಪ್ಯಾಚ್. ಗೋಡೆಗೆ ನಾಲ್ಕು ಚಿತ್ರ ಅಂಟಿಸಿದೆ: ಬ್ಯಾಗು, ತಿಂಡಿ, ಪ್ಯಾಚ್, ಆಟ. ಗಂಟೆ ತೋರಿಸಲು ಮರಳಿನ ಗಡಿಯಾರ, ಮರಳು ಇಳಿಯುವುದು ಕಣ್ಣಿಗೇ ಕಾಣುತ್ತದೆ, ನಾನು ಹೇಳಬೇಕಾಗಿಲ್ಲ.

ಪ್ಯಾಚ್ ಹಾಕಿದಾಗ ಸುಮ್ಮನೆ ಕೂರಿಸಬಾರದು, ಹತ್ತಿರ ನೋಡುವ ಕೆಲಸ ಕೊಡಬೇಕು. ಅವರೆಕಾಯಿ ಕಾಲದಲ್ಲಿ ನಮಗೆ ಹಬ್ಬ. ಮೊರದ ತುಂಬ ಕಾಯಿ ಹಾಕಿಕೊಂಡು ಕೂರುತ್ತೇವೆ. ಅವನು ಸಿಪ್ಪೆ ಬಿಡಿಸುತ್ತಾನೆ, ಹುಳು ಇರುವುದನ್ನು ಆಚೆ ಹಾಕುತ್ತಾನೆ. ನೆನೆಸಿದ ಕಾಳನ್ನು ಹಿಚುಕಿ ಬೇಳೆ ತೆಗೆಯುವಾಗ ಅದು ಪುಳಕ್ ಅಂತ ಹಾರಿದರೆ ನಗುತ್ತಾನೆ, ಹಾರಿದ್ದನ್ನು ಹುಡುಕುತ್ತಾನೆ. ಆ ಹುಡುಕಾಟ ಇದೆಯಲ್ಲ, ಅದೇ ಕಣ್ಣಿನ ವ್ಯಾಯಾಮ. ಕಾಲ ಮುಗಿದ ಮೇಲೆ ಹುರುಳಿ, ಕಡಲೆ ಬೇರೆ ಮಾಡಿಸಿದೆ, ಮಣಿ ಪೋಣಿಸಿದೆವು. ಮೊಬೈಲ್ ಕೊಟ್ಟಿಲ್ಲ ಅಂತ ಸುಳ್ಳು ಹೇಳಲ್ಲ, ಮಳೆಗಾಲದ ಕೆಲವು ಸಂಜೆ ಕೊಟ್ಟಿದ್ದೇನೆ. ಪ್ಯಾಚ್ ತೆಗೆದ ಮೇಲೆ ಚರ್ಮಕ್ಕೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿದರೆ ಕೆಂಪಾಗುವುದಿಲ್ಲ. ಹಾಕುವ ಮೊದಲು ಹಚ್ಚಿದರೆ ಅಂಟುವುದೇ ಇಲ್ಲ, ನೋಡಿಕೊಳ್ಳಿ.

ಕನ್ನಡಕ ಬಂತು, ಇನ್ನು ಓದುತ್ತಾನೆ ಅಂತ ಟೀಚರ್ ಅಂದುಕೊಂಡರು. ಹಾಗಾಗಲಿಲ್ಲ. ಕಣ್ಣು ತಂದುಕೊಟ್ಟದ್ದನ್ನು ಮೆದುಳು ಜೋಡಿಸಬೇಕಲ್ವಾ, ಪೆಟ್ಟು ಬಿದ್ದಿರುವುದು ಅಲ್ಲೂ ಕೂಡ. ತುಂಬಿದ ಪುಟದಲ್ಲಿ ಅವನಿಗೆ ಸಾಲು ತಪ್ಪುತ್ತದೆ. ಬೋರ್ಡ್ ನೋಡಿ ತಲೆ ಬಗ್ಗಿಸುವಷ್ಟರಲ್ಲಿ ಎಲ್ಲಿದ್ದೆ ಅನ್ನುವುದು ಮರೆತುಹೋಗುತ್ತದೆ. ಹಳೆಯ ಲಗ್ನಪತ್ರಿಕೆಯಲ್ಲಿ ಒಂದು ಸಾಲಿನಷ್ಟು ಕಿಂಡಿ ಕತ್ತರಿಸಿ ಕೊಟ್ಟಿದ್ದೇನೆ, ಅದನ್ನು ಪುಟದ ಮೇಲೆ ಸರಿಸುತ್ತಾ ಓದುತ್ತಾನೆ. ಟೀಚರ್ ಈಗ ಬೋರ್ಡಿನದ್ದನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಅವನ ಮುಂದೆ ಇಡುತ್ತಾರೆ, ಮೊದಲ ಬೆಂಚು, ಪಕ್ಕದಲ್ಲಿ ಗಲಾಟೆ ಮಾಡದ ಹುಡುಗಿ. ಬಹಳ ಒಳ್ಳೆಯವರು. ಕ್ಲಾಸಿನಲ್ಲಿ ಅಷ್ಟು ಮಕ್ಕಳನ್ನು ಇಟ್ಟುಕೊಂಡು ಇದನ್ನೂ ಮಾಡುತ್ತಾರೆ.

ಕೋಲಾರದ ಅಂತರಗಂಗೆ ಬೆಟ್ಟಕ್ಕೆ ಕರೆದುಕೊಂಡು ಹೋದಾಗ ಇನ್ನೊಂದು ಗೊತ್ತಾಯಿತು. ಹತ್ತುವಾಗ ಕುಣಿಯುತ್ತಾ ಹತ್ತಿದ. ಇಳಿಯುವಾಗ ಪ್ರತಿ ಮೆಟ್ಟಿಲಲ್ಲೂ ನಿಂತು, ಒಂದು ಕಾಲಿನಿಂದ ತಡವಿ, ಕಲ್ಲು ಸಿಕ್ಕಿದ ಮೇಲೆ ಇನ್ನೊಂದು ಕಾಲು ಇಡುತ್ತಿದ್ದ. ಕೋತಿ ಬಂದರೂ ಅವನ ಗಮನ ಮೆಟ್ಟಿಲ ಮೇಲೆಯೇ. ಎರಡು ಕಣ್ಣೂ ಸೇರಿ ನೋಡಿದಾಗ ಆಳ ಸರಿಯಾಗಿ ತಿಳಿಯುತ್ತದೆ, ಮೆಳ್ಳೆಗಣ್ಣಿನವರಿಗೆ ಅದು ಕಷ್ಟ. ಹಿಂದಿನಿಂದ ಬರುತ್ತಿದ್ದವರು "ಬೇಗ ನಡಿಯೋ, ದಾರಿ ಬಿಡೋ" ಅನ್ನುತ್ತಿದ್ದರು. ನಾನು ಅವನ ಪಕ್ಕ ಕೂತುಬಿಟ್ಟೆ, ಎಲ್ಲರೂ ಹೋಗಲಿ ಅಂತ. ಮನೆಗೆ ಬಂದು ನಮ್ಮ ಮೆಟ್ಟಿಲುಗಳ ಅಂಚಿಗೆ ಹಳದಿ ಪೇಂಟ್ ಬಳಿದೆವು. ಬಚ್ಚಲಿನ ಹೊಸ್ತಿಲಿಗೂ.

ಸಲಹೆ ಕೊಡುವವರಿಗೆ ಬರವಿಲ್ಲ. ಹೊನಗೊನೆ ಸೊಪ್ಪು ತಿನ್ನಿಸಿ ಅನ್ನುತ್ತಾರೆ. ತಿನ್ನಿಸಿ, ಒಳ್ಳೆಯ ಸೊಪ್ಪು, ಸಾರು ಚೆನ್ನಾಗಿರುತ್ತದೆ. ಆದರೆ ಅದರಿಂದ ನಂಬರ್ ಇಳಿಯುವುದಿಲ್ಲ, ಮೆಳ್ಳೆಗಣ್ಣು ತಿರುಗುವುದಿಲ್ಲ. ಲೇಸರ್ ಮಾಡಿಸಿಬಿಡಿ ಅನ್ನುತ್ತಾರೆ, ಕನ್ನಡಕ ಬಿಡಿಸುವ ಆ ಲೇಸರ್ 18 ವರ್ಷ ದಾಟಿದವರಿಗೆ. ಮೆಳ್ಳೆಗಣ್ಣಿನ ಆಪರೇಷನ್ ಬೇರೆ, ಅದನ್ನು ಮಕ್ಕಳಿಗೂ ಮಾಡುತ್ತಾರೆ. ಕಣ್ಣನ್ನು ಹಿಡಿದಿರುವ ಮಾಂಸಖಂಡ ಸರಿಸಿ ನೆಟ್ಟಗೆ ಮಾಡುತ್ತಾರೆ. ಅದಾದ ಮೇಲೂ ಕನ್ನಡಕ ಬೇಕಾಗಬಹುದು, ಪ್ಯಾಚ್ ಬೇಕಾಗಬಹುದು. ಆಪರೇಷನ್ ಆಯ್ತಲ್ಲ ಅಂತ ಕನ್ನಡಕ ಎತ್ತಿ ಅಟ್ಟಕ್ಕೆ ಹಾಕಿದ ಮನೆಗಳನ್ನು ನೋಡಿದ್ದೇನೆ.

ಕುಡಿತದ ಬಗ್ಗೆ ಎರಡು ಮಾತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹೋಗಿ ಟೆಟ್ರಾ ಪ್ಯಾಕ್ ಬಂತು, ಸಂಜೆಯ ಅಭ್ಯಾಸ ಹಾಗೇ ಉಳಿಯಿತು. ಹೆಂಡ ತಂಪು, ಬಸುರಿಗೆ ಒಳ್ಳೆಯದು ಅನ್ನುವ ಅಜ್ಜಿಯರು ನಮ್ಮ ಕಡೆ ಇನ್ನೂ ಇದ್ದಾರೆ. ಬಸುರಿಯಲ್ಲಿ ಇಷ್ಟು ಕುಡಿದರೆ ತೊಂದರೆ ಇಲ್ಲ ಅನ್ನುವ ಅಳತೆ ಯಾವುದೂ ಇಲ್ಲ, ಹೆಂಡವಾಗಲಿ ಬಿಯರ್ ಆಗಲಿ ಒಂದೇ. ಹಾಗೆಯೇ, ಎಷ್ಟನೇ ತಿಂಗಳಲ್ಲಿ ಬಿಟ್ಟರೂ ಲಾಭ ಇದೆ, ಯಾಕೆಂದರೆ ಮಗುವಿನ ಮೆದುಳು ಕೊನೆಯ ದಿನದವರೆಗೂ ಬೆಳೆಯುತ್ತಲೇ ಇರುತ್ತದೆ. ದಿನಾ ಜಾಸ್ತಿ ಕುಡಿಯುವವರು ಮಾತ್ರ ಮನೆಯಲ್ಲೇ ಒಮ್ಮೆಗೇ ಬಿಡಬಾರದು. ಕೈ ನಡುಗಿ ಫಿಟ್ಸ್ ಬರಬಹುದು, ಡಾಕ್ಟರ್ ನೋಡಿಕೊಂಡು ಬಿಡಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಡಿತ ಬಿಡಿಸಲೆಂದೇ ಬೇರೆ ವಿಭಾಗ ಇದೆ. ತಂಗಿ ಬಿಟ್ಟಿದ್ದಾಳೆ. ಅವಳ ಗಂಡ ಬಿಟ್ಟಿಲ್ಲ. ಪುಟ್ಟನ ವಿಷಯಕ್ಕೆ ಅವನನ್ನು ಒಬ್ಬರೂ ಏನೂ ಕೇಳಿಲ್ಲ, ತಂದುಕೊಟ್ಟ ಕೈ ಅವನದೇ ಆದರೂ.

ಎಲ್ಲಿಗೆ ಹೋಗುವುದು ಅನ್ನುವವರಿಗೆ: ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಸ್ಕೂಲಿಗೆ ಒಂದು ಸಲ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡದವರು ಮಕ್ಕಳನ್ನು ನೋಡಲು ಬರಬೇಕು. 2013ರಲ್ಲಿ ಶುರುವಾದ ಯೋಜನೆ, ಕಣ್ಣೂ ಅದರಲ್ಲಿದೆ. ಅವರು ಬರುವ ದಿನ ಮಗುವನ್ನು ತಪ್ಪಿಸಬೇಡಿ, ಕಣ್ಣು ತಿರುಗುತ್ತೆ ಅಂತ ನೀವೇ ಬಾಯಿ ಬಿಟ್ಟು ಹೇಳಿ. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ಟಮಕದಲ್ಲಿ ಮೆಡಿಕಲ್ ಕಾಲೇಜಿನ ಜಾಲಪ್ಪ ಆಸ್ಪತ್ರೆ ಇದೆ. ಬೆಂಗಳೂರಿಗೆ ಹೋಗುವುದಾದರೆ ವಿಕ್ಟೋರಿಯಾ ಆಸ್ಪತ್ರೆ ಹತ್ತಿರ ಮಿಂಟೋ ಕಣ್ಣಿನ ಆಸ್ಪತ್ರೆ, ಸರ್ಕಾರದ್ದು. ಎಲ್ಲೇ ಹೋದರೂ ಮಕ್ಕಳ ಕಣ್ಣು, ಮೆಳ್ಳೆಗಣ್ಣು ನೋಡುವವರು ಯಾವ ದಿನ ಇರುತ್ತಾರೆ ಅಂತ ಮೊದಲೇ ವಿಚಾರಿಸಿ. ತಾಯಿ ಕಾರ್ಡ್, ಹಳೆಯ ಚೀಟಿಗಳು, ಹಳೆಯ ಕನ್ನಡಕ ಮುರಿದಿದ್ದರೂ ಸರಿ, ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಮಗುವಿನ ಮೊಬೈಲ್ ಫೋಟೋಗಳಲ್ಲಿ ಕಣ್ಣು ತಿರುಗಿರುವುದು ಕಾಣುವಂಥದ್ದು ಇದ್ದರೆ ತೆಗೆದಿಟ್ಟುಕೊಳ್ಳಿ, ಡಾಕ್ಟರ್ ಮುಂದೆ ಆ ಕಣ್ಣು ಬೇಕೂಂತಲೇ ನೆಟ್ಟಗಿರುತ್ತದೆ! ಹೊಟ್ಟೆ ತುಂಬ ತಿನ್ನಿಸಿ ಕರೆದುಕೊಂಡು ಹೋಗಿ. ಕ್ಯೂ ಉದ್ದ ಇರುತ್ತದೆ, ಹಸಿದ ಮಗು ಯಾವ ಕಾರ್ಡನ್ನೂ ನೋಡುವುದಿಲ್ಲ.